ಆರು ಗಂಟೆಯ ಬೂಟು

ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆ ದಾಟಿ ಎಡಕ್ಕೆ ತಿರುಗಿದರೆ ಪಾದಗಳಿಗೆಂದೇ ಇಟ್ಟಿರುವ ಒಂದು ಕೋಣೆ ಸಿಗುತ್ತದೆ. ಎರಡು ಎತ್ತರದ ಕುರ್ಚಿ, ಒಂದೊಂದರ ಮುಂದೆಯೂ ಪ್ಲಾಸ್ಟಿಕ್ ಟಬ್ಬು, ಟ್ರೇ ತುಂಬ ಇಕ್ಕಳ, ಕತ್ತರಿ, ಹತ್ತಿ. ಅಲ್ಲಿನ ನರ್ಸಿಗೆ ಹೆತ್ತವರು ಇಟ್ಟ ಹೆಸರು ಸಂಬಳ ಕೊಡುವವರಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಅವಳು ಉಗುರಕ್ಕ. ಅವಳಿಗೂ ಅದರಿಂದ ಬೇಜಾರಿಲ್ಲ. ಬಂದವರ ಮುಖ ನೋಡಿ ಯಾರೆಂದು ಹೊಳೆಯದಿದ್ದರೂ ಚಪ್ಪಲಿ ಬಿಚ್ಚಿದ ಕೂಡಲೇ "ಓ, ನೀವಾ!" ಎನ್ನುವ ಜಾತಿ ಅವಳದು.

ಅವಳ ಅಮ್ಮ ಮಾತ್ರ ಮಗಳನ್ನು ಕಂಡಾಗಲೆಲ್ಲ ಈ ಕೆಲಸವನ್ನು ಹಂಗಿಸುತ್ತಿದ್ದಳು. "ಊರಿನವರೆಲ್ಲ ಕೆಲಸ ಸಿಗ್ಲಿ ಅಂತ ಕಾಲು ಹಿಡೀತಾರೆ, ನನ್ನ ಮಗಳು ನೋಡು, ಕಾಲು ಹಿಡಿಯೋ ಕೆಲಸಕ್ಕೇ ಸೇರ್ಕೊಂಡ್ಲು!" ಎಂದು ನೆಂಟರ ಮುಂದೆ ಹೇಳಿ ತಾನೇ ಮೊದಲು ನಗುತ್ತಿದ್ದಳು. ಮಗಳೂ ನಗುತ್ತಿದ್ದಳು. ಆದರೆ ಒಂದೇ ಒಂದು ಸಲ, ಒಂದೇ ಒಂದು ಒಳ್ಳೆಯ ಮಾತು ಅಮ್ಮನ ಬಾಯಿಂದ ಬಂದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಒಳಗೊಳಗೇ ಅನಿಸುತ್ತಿದ್ದುದೂ ನಿಜ.

ಕಾಲಿನ ಉಗುರು ಮಾಂಸದೊಳಕ್ಕೆ ಇಳಿದು ಒದ್ದಾಡುವವರು ಆ ಕೋಣೆಗೆ ದಿನಾ ಬರುತ್ತಾರೆ. ಉಗುರಕ್ಕ ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಾಳೆ. "ಉಗುರನ್ನ ಬೆರಳಿನ ತುದಿಗೆ ಸಮ ನೆಟ್ಟಗೆ ಕತ್ತರಿಸಿ. ಚಂದ ಕಾಣ್ಲಿ ಅಂತ ಮೂಲೆ ದುಂಡಗೆ ಮಾಡ್ಬೇಡಿ. ಹಾಗೆ ಕತ್ತರಿಸಿದ ಮೂಲೆ ಸುಮ್ನೆ ಕೂತಿರಲ್ಲ, ಬೆಳೆಯುವಾಗ ದಾರಿ ತಪ್ಪಿ ಮಾಂಸದೊಳಕ್ಕೆ ನುಗ್ಗುತ್ತೆ. ಬೂಟಿನೊಳಗೆ ಬೆರಳು ಆಡೋ ಹಾಗಿರ್ಬೇಕು. ನೋವು ಬಂದ್ರೆ ನೀವೇ ಕೆದಕೋಕೆ ಹೋಗ್ಬೇಡಿ." ಕೇಳಿದವರು ತಲೆ ಆಡಿಸಿ ಹೋಗಿ, ಮನೆಯಲ್ಲಿ ಮತ್ತೆ ಕೆದಕಿಕೊಂಡು ಬರುತ್ತಾರೆ.

ಒಂದು ದಿನ ಹಾಗೆ ಕೆದಕಿಕೊಂಡು ಬಂದವನು ಅವಳ ಅಪ್ಪ. ಮಗಳು ಇಲ್ಲೇ ಇದ್ದಾಳೆಂದು ನೇರ ಒಳಗೆ ನುಗ್ಗದೆ, ಎಲ್ಲರಂತೆ ಚೀಟಿ ತೆಗೆದುಕೊಂಡು, ಬೆಂಚಿನ ಮೇಲೆ ಸರದಿ ಕಾದು ಬಂದ.

"ಅಪ್ಪಾ! ಏನಿದು ಇಲ್ಲಿ? ಅಮ್ಮನ ಹತ್ರ ಯಾರಿದಾರೆ?"

"ಪಕ್ಕದ ಮನೆ ಹೊಲಿಗೆಯಮ್ಮನ್ನ ಕೂರಿಸಿ ಬಂದಿದೀನಿ. ಗಾಬರಿ ಏನಿಲ್ಲ ಕಣೇ, ಸ್ವಲ್ಪ ಕಾಲು ನೋಡು. ಸಣ್ಣದು."

ಸಣ್ಣದು ಎಂದದ್ದು ಸಣ್ಣದಾಗಿರಲಿಲ್ಲ. ಬಲಗಾಲಿನ ಹೆಬ್ಬೆರಳು ಊದಿ ಕೆಂಪಗೆ ಮಿರಮಿರ ಮಿಂಚುತ್ತಿತ್ತು. ಉಗುರಿನ ಒಂದು ಪಕ್ಕ ಕಾಣುತ್ತಲೇ ಇರಲಿಲ್ಲ. ಅದರ ಮೇಲೆ ಹಸಿ ಮಾಂಸ ಉಬ್ಬಿ ಬಂದಿತ್ತು, ಸಂದಿಯಲ್ಲಿ ಕೀವು. ಅಪ್ಪನಿಗೆ ಸಕ್ಕರೆ ಕಾಯಿಲೆ ಬೇರೆ.

"ಯಾರು ಕತ್ತರಿಸಿದ್ದು ಇದನ್ನ?"

"ಇನ್ಯಾರು, ನಾನೇ. ಕಣ್ಣಿಗೆ ಭೂತಗನ್ನಡಿ ಸಿಗಿಸ್ಕೊಂಡು ಮೂಲೆ ನೀಟಾಗಿ ತೆಗ್ದೆ. ಎರಡು ದಿನ ಹಾಯಾಗಿತ್ತು. ಆಮೇಲೆ ಶುರುವಾಯ್ತು ನೋಡು."

ಅಪ್ಪ ಗಡಿಯಾರ ರಿಪೇರಿ ಮಾಡುವವನು. ಕೂದಲೆಳೆಯಂಥ ಸ್ಪ್ರಿಂಗನ್ನು ಇಕ್ಕಳದಲ್ಲಿ ಎತ್ತಿ ಜಾಗಕ್ಕೆ ಕೂರಿಸುತ್ತ ಜೀವಮಾನ ಕಳೆದವನು. ಗಡಿಯಾರದಲ್ಲಿ ಒಂದು ಹಲ್ಲು ತೊಡಕಾದರೆ ಅದನ್ನು ಉಜ್ಜಿದರಾಯಿತು, ಚಕ್ರ ಸಲೀಸಾಗಿ ಓಡುತ್ತದೆ. ಉಗುರನ್ನೂ ಅವನು ಹಾಗೇ ಉಜ್ಜಿದ, ಕತ್ತರಿಸಿದ, ತಳಮುಟ್ಟ ಕೆತ್ತಿದ. ಚಕ್ರ ಬೆಳೆಯುವುದಿಲ್ಲ, ಉಗುರು ಬೆಳೆಯುತ್ತದೆ ಎನ್ನುವುದು ಅವನ ತಲೆಗೆ ಹೋಗಲಿಲ್ಲ. ಆಳದಲ್ಲಿ ಉಳಿದ ಒಂದು ಸಣ್ಣ ಸಿಬಿರು ದಿನದಿನಕ್ಕೂ ಮುಂದೆ ಬಂದು ಮಾಂಸವನ್ನು ಸೀಳುತ್ತ ಹೋಗಿತ್ತು.

ಮಗಳು ಅವನ ಕಾಲನ್ನು ಉಪ್ಪು ಹಾಕಿದ ಬೆಚ್ಚನೆ ನೀರಿನಲ್ಲಿ ಇಳಿಸಿದಳು. ನೆನೆದ ಮೇಲೆ ಒರೆಸಿ, ಹತ್ತಿಯ ಎಳೆಯೊಂದನ್ನು ಹೊಸೆದು ಉಗುರಿನ ಅಂಚಿನ ಕೆಳಗೆ ನಾಜೂಕಾಗಿ ತೂರಿಸಿದಳು. ಪಕ್ಕದ ಚರ್ಮವನ್ನು ಉಗುರಿನಿಂದ ದೂರಕ್ಕೆ ಎಳೆದು ಅಂಟುಪಟ್ಟಿ ಹಾಕಿದಳು. ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದಳು; ಇತ್ತು, ಆದರೆ ಮೆತ್ತಗಿತ್ತು. ಡಾಕ್ಟರಿಗೆ ತೋರಿಸಿ ಮಾತ್ರೆ ಬರೆಸಿಕೊಂಡಳು. ಇಷ್ಟೆಲ್ಲ ಮಾಡುತ್ತ ಅವಳಿಗೆ ಒಂದು ಸಂಗತಿ ಮಾತ್ರ ಬಗೆಹರಿಯಲಿಲ್ಲ. ಅಪ್ಪನ ಪಾದ ಬಾತುಕೋಳಿಯ ಪಾದದ ಹಾಗೆ ಅಗಲ. ಅದಕ್ಕೆ ತಕ್ಕಂತೆ ಅವನು ಹಾಕುವುದು ಅಗಲವಾದ, ಹಳೆಯ, ಬೆರಳೆಲ್ಲ ಹೊರಗೆ ಕಾಣುವ ಚಪ್ಪಲಿ. ಅಂಥವನ ಬೆರಳುಗಳು ಒಂದರ ಮೇಲೊಂದು ಒತ್ತಿಕೊಂಡು ಕೆಂಪಗೆ ಗೀರು ಬಿದ್ದದ್ದು ಹೇಗೆ? ಸಕ್ಕರೆಯಿಂದ ಊತ ಬಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಬೇರೆಯವರ ಕಾಲಾಗಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಿದ್ದಳು.

ಆ ಭಾನುವಾರ ಅವಳು ಮನೆಗೆ ಹೋದಳು. ಕೆಳಗೆ ಅಪ್ಪನ ಅಂಗಡಿ, ಮೇಲೆ ಮನೆ, ನಡುವೆ ಗೋಡೆಗೆ ಆತುಕೊಂಡ ಕಬ್ಬಿಣದ ಮೆಟ್ಟಿಲು. ಬೆಕ್ಕು ಹತ್ತಿದರೂ ಸದ್ದು ಮಾಡುವ ಮೆಟ್ಟಿಲು ಅದು. ಅಮ್ಮ ಒಳಕೋಣೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮಂಡಿ ಹೋಗಿದೆ, ಕಣ್ಣು ಮಂಜು, ನೆನಪಂತೂ ಸೋರಿ ಹೋಗಿದೆ. ಕಿವಿ ಮಾತ್ರ ಹಾಗೇ ಇದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, "ಹಲೋ" ಎಂದರೆ ಸಾಕು, ಯಾವ ಮನೆಯ ಯಾರು, ಜ್ವರವೋ ಜಗಳವೋ ಎಂದು ಹೇಳುತ್ತಿದ್ದ ಕಿವಿ.

"ಉಗುರಮ್ಮಾ ಬಂದ್ಯಾ? ಯಾರ್ಯಾರ ಕಾಲು ಹಿಡಿದು ಬಂದೆ?" ಎಂದು ನಕ್ಕ ಅಮ್ಮ, ತಟ್ಟನೆ ನಗು ನಿಲ್ಲಿಸಿ ಮಗಳ ಕೈ ಹಿಡಿದುಕೊಂಡಳು. "ನೋಡೇ, ಮರಿ ಕುಂಟ್ತಿದಾನೆ. ಬಲಗಾಲು. ನನ್ನ ಹತ್ರ ಬಾಯಿ ಬಿಡಲ್ಲ. ನೀನು ಸ್ವಲ್ಪ ನೋಡೇ ಅವನ ಕಾಲನ್ನ."

ಮರಿ ಎಂದರೆ ಅವಳ ತಮ್ಮ. ಬಾಟಲಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕಳೆದ ವರ್ಷ ರಜೆಯ ದಿನ, ಕಾಲಿಗೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಸೈಕಲ್ಲಿನಲ್ಲಿ ಹೊರಟವನು ತಿರುವಿನಲ್ಲಿ ಲಾರಿಗೆ ಸಿಕ್ಕಿ ಅಲ್ಲೇ ಹೋಗಿಬಿಟ್ಟ. ಆಗ ಅಮ್ಮನಿಗೆ ಇನ್ನೂ ನೆನಪು ಇತ್ತು. ಅತ್ತಳು, ಎದೆ ಬಡಿದುಕೊಂಡಳು. ಆಮೇಲೆ ಕಾಯಿಲೆ ಏರುತ್ತ ಹೋಗಿ, ಆ ದಿನವನ್ನೂ ನುಂಗಿ ನೀರು ಕುಡಿಯಿತು.

"ಹೂಂ ಅಮ್ಮ, ನೋಡ್ತೀನಿ" ಎಂದಳು ಮಗಳು. ಇಂಥ ಮಾತಿಗೆ ಹಾಗೇ ಅನ್ನಬೇಕು ಎಂದು ಅವಳಿಗೆ ಯಾರೋ ಹೇಳಿಕೊಟ್ಟಿದ್ದರು. ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದಳು.

ಅಪ್ಪನ ಬೆರಳು ವಾಸಿಯಾಗಲಿಲ್ಲ. ಹತ್ತಿ ನಿಲ್ಲಲಿಲ್ಲ, ಪಟ್ಟಿ ನಿಲ್ಲಲಿಲ್ಲ, ಊತ ಪಾದಕ್ಕೆ ಹತ್ತಿತು. ಕೊನೆಗೆ ಸರ್ಜನ್ನರು ಬೆರಳಿನ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಳಗೆ ಇಳಿದಿದ್ದ ಅಂಚನ್ನು ಉದ್ದಕ್ಕೆ ಸೀಳಿ ತೆಗೆದರು. ಆ ಪಕ್ಕ ಉಗುರು ಮತ್ತೆ ಹುಟ್ಟದ ಹಾಗೆ ಬೇರಿಗೆ ಔಷಧಿ ಒತ್ತಿದರು. ತೆಗೆದ ಸಿಬಿರನ್ನು ನೋಡಿ ಅಪ್ಪ, "ಇಷ್ಟೇನಾ? ಇಷ್ಟು ಸಣ್ಣ ಮುಳ್ಳು ನನ್ನನ್ನ ಹೀಗೆ ಕುಣಿಸ್ತಾ?" ಎಂದು ನಕ್ಕ.

ಸರ್ಜನ್ನರು ನಗಲಿಲ್ಲ. "ಯಜಮಾನ್ರೇ, ಬೇರೆಯವರಿಗಾಗಿದ್ರೆ ಇದು ಸಣ್ಣ ವಿಷಯ. ನಿಮ್ಮ ಸಕ್ಕರೆಗೆ ಅಲ್ಲ. ಗಾಯ ಮಾಯೋವರೆಗೆ ಬೂಟು ಗೀಟು ಮುಟ್ಟಬೇಡಿ. ಮತ್ತೆ ಕೀವಾಗಿ ಮೂಳೆಗೆ ಹತ್ತಿದ್ರೆ ಬೆರಳು ತೆಗೀಬೇಕಾಗುತ್ತೆ. ಅಲ್ಲಿಗೇ ನಿಲ್ಲುತ್ತೆ ಅಂತ ನಾನು ಮಾತು ಕೊಡಲ್ಲ."

"ಅಪ್ಪ ಬೂಟು ಎಲ್ಲಿ ಹಾಕ್ತಾರೆ ಸಾರ್" ಎಂದಳು ಮಗಳು. ಅಪ್ಪ ಕೆಳಗೆ ನೋಡುತ್ತಿದ್ದ.

ಮುಂದಿನ ಭಾನುವಾರ ಅಮ್ಮ ಅವಳು ಬರುವುದನ್ನೇ ಕಾಯುತ್ತಿದ್ದಳು. "ಎಂಥ ಅಕ್ಕನೇ ನೀನು? ತಮ್ಮನ ಕಾಲು ನೋಡ್ತೀನಿ ಅಂದೋಳು ನೋಡ್ಲೇ ಇಲ್ವಲ್ಲ. ಈಗಂತೂ ಎಡಗಾಲು ಮೊದಲು ಇಟ್ಟು ಬಲಗಾಲು ಎಳ್ಕೊಂಡು ಹತ್ತುತ್ತಾನೆ. ಮೊದಲು ಎರಡೆರಡು ಮೆಟ್ಟಿಲು ಹಾರ್ತಿದ್ದೋನು, ಈಗ ಮಧ್ಯದಲ್ಲಿ ನಿಂತು ಉಸಿರು ಬಿಡ್ತಾನೆ. ಹೋದ ವಾರ ಒಂದು ದಿನ ಬರ್ಲೇ ಇಲ್ಲ. ಮಾರನೇ ದಿನದಿಂದ ಇನ್ನೂ ಜಾಸ್ತಿ."

ಉಗುರಕ್ಕ ಅಮ್ಮನ ಕೂದಲು ಬಾಚುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ಮರೆವಿನ ಮಾತು ಹೀಗೆ ಅಚ್ಚುಕಟ್ಟಾಗಿ ಇರುವುದಿಲ್ಲ. ಏನು ಮರೆತರೂ ಹೆಜ್ಜೆಯ ಸದ್ದು ಮಾತ್ರ ಅಮ್ಮನ ತಲೆಯಲ್ಲಿ ಉಳಿಯುತ್ತಿತ್ತು. ಗಾಯವಾದ ಹೆಬ್ಬೆರಳನ್ನು ಕಾಪಾಡಿಕೊಳ್ಳುವವರು ಮೆಟ್ಟಿಲು ಹತ್ತುವುದೇ ಹಾಗೆ. ಅವಳು ನೂರಾರು ಜನರನ್ನು ನೋಡಿದ್ದಾಳೆ. ಹೋದ ವಾರ ಒಂದು ದಿನ ಎಂದರೆ ಸರ್ಜನ್ನರು ಅಪ್ಪನ ಉಗುರು ಸೀಳಿದ ದಿನ. ಅಮ್ಮನ ಕಿವಿ ಇಲ್ಲದ ಸದ್ದನ್ನು ಕೇಳುವ ಕಿವಿಯಲ್ಲ.

ಅವಳು ಹೊರಟವಳ ಹಾಗೆ ಹೊರಟು, ಎದುರು ಬದಿಯ ಬೀಗ ಹಾಕಿದ ಅಂಗಡಿಯ ಕಟ್ಟೆಯ ಮೇಲೆ ಕೂತಳು. ಸಂಜೆ ಆರು ಹೊಡೆಯುವ ಹೊತ್ತಿಗೆ ಅಪ್ಪ ಶಟರನ್ನು ಅರ್ಧ ಇಳಿಸಿದ. ಒಳಗಿನ ದೀಪದಲ್ಲಿ ಸೊಂಟದಿಂದ ಕೆಳಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಅಪ್ಪ ಸ್ಟೂಲಿನ ಮೇಲೆ ಕೂತ. ಮೇಜಿನ ಅಡಿಯಿಂದ ಒಂದು ಜೊತೆ ಬೂಟು ಎಳೆದ. ಕಾರ್ಖಾನೆಯವರು ಕೊಡುವ, ಮೂತಿಗೆ ಉಕ್ಕು ಇರುವ, ಕಿರಿದಾದ ಕಪ್ಪು ಬೂಟು. ಮರಿಯ ಪಾದ ಅಮ್ಮನ ಕಡೆಯದು, ಅಕ್ಕನ ಪಾದದ ಹಾಗೇ ಸಪೂರ. ಬೂಟೂ ಹಾಗೇ ಸಪೂರ. ಎಡಗಾಲು ಹೇಗೋ ಹೋಯಿತು. ಬಲಗಾಲು ಬ್ಯಾಂಡೇಜಿನ ದಪ್ಪಕ್ಕೆ ಒಳಗೆ ಹೋಗಲಿಲ್ಲ. ಅಪ್ಪ ಬ್ಯಾಂಡೇಜನ್ನು ಸುತ್ತು ಸುತ್ತಾಗಿ ಬಿಚ್ಚಿ, ಮಡಚಿ ಜೇಬಿಗೆ ಇಟ್ಟುಕೊಂಡ. ಬರಿಗಾಲನ್ನು ಬೂಟಿನೊಳಕ್ಕೆ ತುರುಕಿ, ಎರಡು ಕೈಯಲ್ಲೂ ಸ್ಟೂಲನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಅಲುಗಾಡದೆ ಕೂತ.

ಅವಳು ಎದ್ದು ಓಡಿ ಹೋಗಿ ತಡೆಯಬೇಕಿತ್ತು. ಕಟ್ಟೆಯ ಮೇಲೇ ಕೂತು ನೋಡಿದಳು.

ಅಪ್ಪ ಹೊರಗೆ ಬಂದು ಮೆಟ್ಟಿಲು ಹತ್ತಿದ. ಎಡಗಾಲಿನ ಹಿಮ್ಮಡಿಯ ಲಾಳ ಸಡಿಲ, ಟಣ್ ಎನ್ನುತ್ತದೆ. ಆಮೇಲೆ ಬಲಗಾಲು ಎಳೆದ ಸದ್ದು. ಟಣ್, ಎಳೆತ. ಟಣ್, ಎಳೆತ. ಮೇಲಿನ ಕಿಟಕಿಯಿಂದ ಅಮ್ಮನ ದನಿ ಬೀದಿಗೆ ಬಂತು. ಅಂಥ ಹಗುರ ದನಿಯನ್ನು ಮಗಳು ಕೇಳಿ ಎಷ್ಟು ಕಾಲವಾಗಿತ್ತೋ.

"ಬಂದ್ಯಾ ಮರೀ?"

ಗೋಡೆಗೆ ಎರಡು ಸಲ ಟಕ್ ಟಕ್ ಎಂದು ತಟ್ಟಿದ ಸದ್ದು. ಮರಿಯ ಉತ್ತರವೇ ಅದು. ಮಕ್ಕಳು ಸಣ್ಣವರಿದ್ದಾಗ ಅಮ್ಮ ಕಲಿಸಿದ ಆಟ: ಎರಡು ಸಲ ತಟ್ಟಿದರೆ ಲೈನು ಸಿಕ್ಕಿದೆ ಎಂದು ಅರ್ಥ. ಅಕ್ಕ ದೊಡ್ಡವಳಾಗಿ ಮರೆತಳು. ಮಾತು ಕಮ್ಮಿಯ ಮರಿ ಮಾತ್ರ, ಕಾರ್ಖಾನೆಯಿಂದ ದಣಿದು ಬಂದವನು, ಅಮ್ಮನಿಗೆ ಟಕ್ ಟಕ್ ಎಂದು ತಟ್ಟಿ ತನ್ನ ಕೋಣೆಗೆ ಹೋಗಿ ಬಿದ್ದುಕೊಳ್ಳುತ್ತಿದ್ದ.

ಅಪ್ಪ ಅಂಗಡಿಗೆ ಬೀಗ ಹಾಕಲು ಚಪ್ಪಲಿಯಲ್ಲಿ ಕೆಳಗೆ ಇಳಿದಾಗ ಮಗಳು ಅವನ ಸ್ಟೂಲಿನ ಮೇಲೆ ಕೂತಿದ್ದಳು. ಅವನ ಕೈಯಲ್ಲಿ ಬೂಟು ಇತ್ತು. ಬಲಗಾಲಿನ ಬೂಟಿನ ಒಳಗೆ ರಕ್ತ.

"ಕೂತ್ಕೋ" ಎಂದಳು. ಕಾಲು ತೊಳೆದಳು, ಚೀಲದಲ್ಲಿ ಯಾವಾಗಲೂ ಇರುವ ಬ್ಯಾಂಡೇಜು ತೆಗೆದು ಕಟ್ಟಿದಳು. "ನಿನಗೆ ಬುದ್ಧಿ ನೆಟ್ಟಗಿದೆಯಾ ಅಪ್ಪಾ? ಬೆರಳು ಹೋಗುತ್ತೆ ಅಂತ ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ?"

"ಹೋಗ್ಲಿ ಬಿಡೇ. ಒಂದು ಬೆರಳು ತಾನೇ."

"ಒಂದು ಬೆರಳಂತೆ! ಯಾವಾಗಿಂದ ನಡೀತಿದೆ ಇದು?"

ಅಪ್ಪ ಬೂಟನ್ನು ಬಟ್ಟೆಯಲ್ಲಿ ಒರೆಸುತ್ತ ಹೇಳಿದ. "ಮೊದಮೊದಲು ಅವಳು ಕೇಳ್ದಾಗ ನಿಜ ಹೇಳ್ತಿದ್ದೆ. ಆರು ಗಂಟೆ ಆಯ್ತು ಅಂದ್ರೆ ‘ಮರಿ ಯಾಕೆ ಬಂದಿಲ್ಲ’ ಅನ್ನೋಳು. ಇಲ್ಲ ಕಣೇ, ಮರಿ ಹೋಗ್ಬಿಟ್ಟ ಅಂತಿದ್ದೆ. ಆವತ್ತೇ ಮೊದಲ ಸಲ ಕೇಳಿದ ಹಾಗೆ ಅಳೋಳು. ಮಾರನೇ ದಿನ ಮತ್ತೆ ಕೇಳೋಳು, ಮತ್ತೆ ಹೇಳ್ಬೇಕು. ನಮಗೆಲ್ಲ ಅವನು ಒಂದು ಸಲ ಸತ್ತ. ಅವಳಿಗೆ ದಿನಾ ಸಾಯ್ತಿದ್ದ. ನನ್ನ ಕೈಲಿ ಆಗ್ಲಿಲ್ಲ."

"ಏನಾದ್ರೂ ಸುಳ್ಳು ಹೇಳ್ಬಹುದಿತ್ತಲ್ಲ."

"ಅವಳ ಕಿವಿಗಾ? ನನ್ನ ಗಂಟಲು ಸುಳ್ಳು ಹೇಳಿದ್ರೆ ಅವಳಿಗೆ ಗೊತ್ತಾಗುತ್ತೆ. ಬೂಟು ಹೇಳಿದ್ರೆ ಗೊತ್ತಾಗಲ್ಲ. ಬೇರೆ ದೊಡ್ಡ ಜೊತೆ ತಂದು ಲಾಳ ಹೊಡೆಸಿ ನೋಡಿದೆ. ‘ಯಾರ್ರೀ ಅದು ನಮ್ಮ ಮೆಟ್ಟಿಲ ಮೇಲೆ’ ಅಂದ್ಲು. ಇದೇ ಆಗ್ಬೇಕು. ಸದ್ದು ಕೇಳಿದ್ರೆ ಸಾಕು, ಹಾಲು ಬ್ರೆಡ್ಡು ತಿಂದು ತಣ್ಣಗೆ ಮಲಗ್ತಾಳೆ. ಅವನು ಕಾಣಿಸ್ಲಿಲ್ಲ ಅನ್ನೋದು ಆಮೇಲೆ ಮರೆತೇ ಹೋಗುತ್ತೆ."

ಹೇಳಿದ ಪಾಠವನ್ನೇ ಹೇಳುವ ಉಗುರಕ್ಕನಿಗೆ ಆವತ್ತು ಬಿಗಿ ಬೂಟಿನ ಬಗ್ಗೆ ಹೇಳಲು ಏನೂ ಉಳಿದಿರಲಿಲ್ಲ. ಆದರೂ ಅಪ್ಪನ ಪಾದದ ಮೆತ್ತನೆ ನಾಡಿ ಅವಳ ಬೆರಳ ತುದಿಯಲ್ಲೇ ಇತ್ತು. "ನಾಳೆ ಸಂಜೆ ನಾನು ಬರ್ತೀನಿ. ನೀನು ಬೂಟು ಮುಟ್ಟಬೇಡ. ಅಮ್ಮನಿಗೆ ನಾನು ಏನೋ ಒಂದು ಹೇಳ್ಕೋತೀನಿ" ಎಂದಳು. ರೋಗಿಗಳನ್ನು ಸಮಾಧಾನ ಮಾಡಿ ಮಾಡಿ ಪಳಗಿದವಳು ತಾನು, ಅಪ್ಪ ಗಂಡಸು, ಅವನಿಗೆ ಹೇಳುವ ನಯ ಗೊತ್ತಿಲ್ಲ ಎಂದುಕೊಂಡಿದ್ದಳು.

ಮಾರನೇ ಸಂಜೆ ಅಮ್ಮನ ಪಕ್ಕದಲ್ಲೇ ಕೂತಳು. ಆರಾಯಿತು. ಕೆಳಗಿನ ಅಂಗಡಿಯಲ್ಲಿ ರಿಪೇರಿಯಾದ ಗಡಿಯಾರಗಳೆಲ್ಲ ಹಿಂದೆ ಮುಂದೆ ಹೊಡೆದು ಸುಮ್ಮನಾದವು. ಅಮ್ಮ ಕತ್ತು ಎತ್ತಿ ಮೆಟ್ಟಿಲಿನ ಕಡೆ ಕಿವಿ ಇಟ್ಟಳು.

"ಮರಿ ಬರ್ಲಿಲ್ಲ."

"ಅವನಿಗೆ ಎರಡನೇ ಪಾಳಿ ಅಮ್ಮ ಇವತ್ತು."

ಅಮ್ಮ ಮಗಳ ಕಡೆ ತಿರುಗಿದಳು. ಮಂಜು ಕಣ್ಣಿನಿಂದ ನೋಡಲಿಲ್ಲ, ತಲೆ ಓರೆ ಮಾಡಿ ಕೇಳಿಸಿಕೊಂಡಳು. "ಎರಡನೇ ಪಾಳಿ ಇದ್ರೆ ಊಟದ ಡಬ್ಬಿ ತಗೊಂಡು ಹೋಗ್ತಾನೆ. ಡಬ್ಬಿ ಸದ್ದಾಗ್ಲಿಲ್ಲ. ನಿನ್ನ ಗಂಟಲು ಯಾಕೆ ಹಾಗಿದೆ? ನಿಜ ಹೇಳೇ. ಲೈನಿನಲ್ಲಿ ಕೂತು ಜನ ಸುಳ್ಳು ಹೇಳೋದು ಎಷ್ಟು ಕೇಳಿದೀನಿ ನಾನು. ಏನಾಯ್ತು ಅವನಿಗೆ? ಕಾರ್ಖಾನೆಗೆ ಫೋನ್ ಹಚ್ಚು. ಹಚ್ಚೇ!"

ಮಗಳು ಇನ್ನೊಂದು ಸುಳ್ಳು ಹೇಳಿದಳು, ಮತ್ತೊಂದು ಹೇಳಿದಳು. ಒಂದೊಂದಕ್ಕೂ ಅಮ್ಮ ಫೋನ್ ಹಚ್ಚು ಎಂದೇ ಹಟ ಹಿಡಿದಳು. ಎದ್ದು ನಿಲ್ಲಲು ಹೋಗಿ ಕುರ್ಚಿಯಿಂದ ಜಾರಿದಳು. ಅವಳನ್ನು ತಬ್ಬಿ ಹಿಡಿದುಕೊಂಡ ಮಗಳು, ಬೇರೆ ದಾರಿ ಕಾಣದೆ, ನಿಜ ಹೇಳಿಬಿಟ್ಟಳು.

ಅಮ್ಮನ ಬಾಯಿಂದ ಬಂದ ಕೂಗನ್ನು ಮಗಳು ಒಮ್ಮೆ ಕೇಳಿದ್ದಳು, ಕಳೆದ ವರ್ಷ, ಇದೇ ಕೋಣೆಯಲ್ಲಿ. "ಊಟ ಮಾಡಿರ್ಲಿಲ್ವಲ್ಲೇ ಅವನು! ಬೆಳಗ್ಗೆ ಊಟ ಮಾಡದೆ ಹೋದ್ನಲ್ಲೇ!" ಮಾತೂ ಅದೇ, ಎದೆಗೆ ಬಿದ್ದ ಕೈಯೂ ಅದೇ. ಬಾಗಿಲಲ್ಲಿ ನಿಂತಿದ್ದ ಅಪ್ಪ ಬಂದು ಅವಳ ಎರಡು ಕೈಗಳನ್ನೂ ಹಿಡಿದುಕೊಂಡ. ಮಗಳ ಮುಖ ನೋಡಲಿಲ್ಲ, ಅವಳನ್ನು ಬಯ್ಯಲೂ ಇಲ್ಲ. ಅಮ್ಮ ಹಾಲು ಮುಟ್ಟದೆ, ಬಿಕ್ಕಿ ಬಿಕ್ಕಿ ಸುಸ್ತಾಗಿ ನಿದ್ದೆ ಹೋದಳು. ಬೆಳಗ್ಗೆ ಏಳುವಾಗ ಏನೂ ನೆನಪಿರಲಿಲ್ಲ. ಕಣ್ಣು ಮಾತ್ರ ಊದಿತ್ತು. "ಯಾಕೋ ಎದೆಯೆಲ್ಲ ನೋಯ್ತಿದೆ ಕಣ್ರೀ" ಎಂದಳಂತೆ.

ಆ ದಿನ ಪಾದದ ಕೋಣೆಯಲ್ಲಿ ಉಗುರಕ್ಕ ಯಾರಿಗೂ ಪಾಠ ಹೇಳಲಿಲ್ಲ. ಮಧ್ಯಾಹ್ನ ಕೈ ತೊಳೆಯುತ್ತ ತನ್ನ ಕಾಲನ್ನೇ ನೋಡಿಕೊಂಡಳು. ಸಪೂರ ಪಾದ, ಉದ್ದ ಬೆರಳು. ಶಾಲೆಗೆ ಹೋಗುವಾಗ ಅವಳಿಗೆ ಚಿಕ್ಕದಾದ ಬೂಟನ್ನೆಲ್ಲ ಮರಿಯೇ ಹಾಕಿ ಸವೆಸುತ್ತಿದ್ದ. "ಅಕ್ಕನ ಬೂಟು ನನಗೆ ಬೇಡ, ಅದು ಹುಡುಗೀರದ್ದು" ಎಂದು ಅತ್ತು, ಆಮೇಲೆ ಅದರಲ್ಲೇ ಎಲ್ಲರಿಗಿಂತ ಮುಂದೆ ಓಡುತ್ತಿದ್ದ.

ಡ್ಯೂಟಿ ಮುಗಿಸಿದವಳೇ ಅಪ್ಪನ ಅಂಗಡಿಗೆ ಬಂದಳು. ಶಟರ್ ಅರ್ಧ ಇಳಿದಿತ್ತು. ಅಪ್ಪ ಬ್ಯಾಂಡೇಜಿನ ತುದಿ ಹುಡುಕುತ್ತಿದ್ದ.

"ಏಳು. ಆ ಸ್ಟೂಲು ನನಗೆ ಬಿಡು."

ಚೀಲದಿಂದ ಎರಡು ಜೊತೆ ದಪ್ಪ ಕಾಲುಚೀಲ ತೆಗೆದು ಒಂದರ ಮೇಲೊಂದು ಹಾಕಿಕೊಂಡಳು. ಸಡಿಲ ಬೂಟೂ ಬಿಗಿ ಬೂಟಿನಷ್ಟೇ ಕೆಟ್ಟದ್ದು, ಬೆರಳು ಹೋಗಿ ಮೂತಿಗೆ ಬಡಿಯುತ್ತದೆ, ಅದು ಅವಳಿಗೆ ಗೊತ್ತಿಲ್ಲದ್ದೇ? ಬೂಟಿನೊಳಗೆ ಕಾಲಿಟ್ಟಳು. ಕೂತಿತು. ಅಪ್ಪ ನೆಲದ ಮೇಲೆ ಕೂತ. ಮಗಳ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಗಡಿಯಾರದ ಕೆಲಸಕ್ಕೆ ಪಳಗಿದ ಆ ಬೆರಳುಗಳಿಂದ ಲೇಸು ಬಿಗಿದು ಗಂಟು ಹಾಕಿದ. ಇಷ್ಟು ವರ್ಷ ಊರಿನವರ ಕಾಲೆಲ್ಲ ಹಿಡಿದವಳ ಕಾಲನ್ನು ಯಾರಾದರೂ ಹಿಡಿದದ್ದು ಬಹುಶಃ ಅದೇ ಮೊದಲು.

"ಮೂರನೇ ಮೆಟ್ಟಿಲಿಂದ ಎರಡೆರಡು ಹಾರ್ತಿದ್ದ. ನನ್ನ ಕೈಲಿ ಆಗ್ತಿರ್ಲಿಲ್ಲ" ಎಂದ ಅಪ್ಪ. "ಮೇಲೆ ಹೋದ್ಮೇಲೆ ಚಾಪೆಗೆ ಒಂದು ಸಲ ಕಾಲು ಒರೆಸ್ತಿದ್ದ. ಅಮ್ಮನ ಕೋಣೆ ಬಾಗಿಲಿಗೆ ಬರ್ತಿರ್ಲಿಲ್ಲ, ಗೋಡೆ ತಟ್ಟಿ ಸೀದಾ ಒಳಗೆ."

"ಗೊತ್ತಪ್ಪ. ನನ್ನ ತಮ್ಮ ಅಲ್ವಾ ಅವನು."

ಆರು ಗಂಟೆ ಹೊಡೆಯಿತು. ಅವಳು ಮೆಟ್ಟಿಲಿಗೆ ಕಾಲಿಟ್ಟಳು. ಟಣ್. ಎರಡನೆಯದು, ಮೂರನೆಯದು, ಆಮೇಲೆ ಕಣ್ಣು ಮುಚ್ಚಿ ಹಾರಿದಳು. ಬಲಗಾಲು ನೆಟ್ಟಗೆ ಬಿತ್ತು, ಎಡಗಾಲಿನ ಲಾಳ ಟಣ್ ಎಂದಿತು, ಮತ್ತೆ ಹಾರಿದಳು. ಚಾಪೆಗೆ ಕಾಲು ಒರೆಸಿದಳು.

"ಬಂದ್ಯಾ ಮರೀ?"

ಬೆರಳು ಮಡಚಿ ಎರಡು ಸಲ ತಟ್ಟಿದಳು. ತಮ್ಮನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡು, ಅವನ ಮಂಚದ ತುದಿಯಲ್ಲಿ ಕೂತಳು. ಅವನ ಬೆಲ್ಟು ಇನ್ನೂ ಮೊಳೆಯಲ್ಲಿ ತೂಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅಪ್ಪನ ಚಪ್ಪಲಿ ಸದ್ದು, ಹಾಲಿನ ಲೋಟ ಇಟ್ಟ ಸದ್ದು. ಗೋಡೆಯ ಆಚೆಯಿಂದ ಅಮ್ಮನ ಮಾತು ಒಂದೊಂದೂ ಕೇಳಿಸಿತು.

"ರೀ, ಕೇಳಿಸ್ಕೊಂಡ್ರಾ? ಮರಿ ಇವತ್ತು ಕುಂಟ್ತಾ ಇಲ್ಲ! ಎರಡೆರಡು ಮೆಟ್ಟಿಲು ಹಾರಿ ಬಂದ!"

"ಇಲ್ಲ ಕಣೇ. ಕುಂಟ್ತಾ ಇಲ್ಲ."

"ನನಗೆ ಗೊತ್ತಿತ್ತು. ಅಕ್ಕನ ಹತ್ರ ತೋರಿಸ್ಕೊಂಡಿದಾನೆ. ಅವಳ ಕೈಗುಣ ಅದು. ಎಷ್ಟು ದಿನದಿಂದ ಎಳೀತಿದ್ದ ಕಾಲು, ಅವಳು ಮುಟ್ಟಿದ ಕೂಡ್ಲೇ ಸರಿಹೋಯ್ತು ನೋಡಿ." ಅಮ್ಮ ಒಂದು ಗುಟುಕು ಹಾಲು ಕುಡಿದ ಸದ್ದು. "ನಾನು ಸುಮ್ನೆ ಅವಳನ್ನ ರೇಗಿಸ್ತಿರ್ತೀನಿ. ಅಂಥ ಕೈ ಎಷ್ಟು ಜನಕ್ಕಿದೆ ಹೇಳಿ. ಅವಳು ಬಂದಾಗ ಹೇಳ್ಬೇಕು ಅನ್ಕೋತೀನಿ, ಬಂದಾಗ ಮರೆತೇ ಹೋಗುತ್ತೆ."

ಉಗುರಕ್ಕ ತಮ್ಮನ ದಿಂಬನ್ನು ಎತ್ತಿ ಬಾಯಿಗೆ ಒತ್ತಿಕೊಂಡಳು. ಮರಿ ಹೋದಾಗ ಅಪ್ಪನನ್ನು, ಅಮ್ಮನನ್ನು, ಬಂದವರನ್ನು, ಹೋದವರನ್ನು ನೋಡಿಕೊಳ್ಳುವುದರಲ್ಲೇ ಅವಳಿಗೆ ಅಳಲು ಪುರುಸೊತ್ತು ಸಿಕ್ಕಿರಲಿಲ್ಲ. ಈಗ ಅಳು ಉಕ್ಕಿ ಬಂತು. ಎದ್ದು ಓಡಿ ಹೋಗಿ, ನಾನು ಇಲ್ಲೇ ಇದ್ದೀನಮ್ಮ, ಈಗ ಹೇಳು, ನನ್ನ ಮುಖಕ್ಕೆ ಹೇಳು ಎಂದು ಅಮ್ಮನ ಮಡಿಲಿಗೆ ಬೀಳಬೇಕೆನಿಸಿತು. ಹೋದರೆ ಮರಿ ಮನೆಗೆ ಬಂದಿಲ್ಲ ಎಂದಾಗುತ್ತದೆ. ದಿಂಬನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಆ ಕಿವಿಗೆ ಒಂದು ಬಿಕ್ಕು ಕೇಳಿಸಿದರೂ ಎಲ್ಲ ಮುಗಿಯಿತು.

"ಭಾನುವಾರದ ತನಕ ಕಾಯ್ಬೇಕಾ?" ಅಮ್ಮನ ದನಿಯಲ್ಲಿ ಆಸೆ ಇತ್ತು. "ನನಗೆ ಈಗ್ಲೇ ಅವಳನ್ನ ನೋಡ್ಬೇಕು ಅನ್ನಿಸ್ತಿದೆ ಕಣ್ರೀ." ಕುರ್ಚಿ ಗೋಡೆಯ ಹತ್ತಿರಕ್ಕೆ ಸರಿದ ಸದ್ದಾಯಿತು. ಅಮ್ಮನ ಮಾತು ಈಗ ಕಿವಿಯ ಪಕ್ಕದಲ್ಲೇ ಹೇಳಿದಷ್ಟು ಹತ್ತಿರದಲ್ಲಿತ್ತು.

"ಮರೀ, ಎಚ್ಚರ ಇದೀಯಾ? ನಾಳೆ ಹೋಗಿ ಅಕ್ಕನ್ನ ಕರ್ಕೊಂಡು ಬಾರೋ. ಅಮ್ಮ ಕರೀತಿದಾಳೆ ಅನ್ನು. ಬರ್ತಾಳೆ ಅಲ್ವಾ?"

ಅವಳು ದಿಂಬನ್ನು ಕಚ್ಚಿಕೊಂಡೇ ಕೈ ಚಾಚಿ, ಗೋಡೆಗೆ ಎರಡು ಸಲ ತಟ್ಟಿದಳು.